ಮಾಯದ ಕಾಲುಹುಣ್ಣು



ಈ ಸಂಜೆ ನಾನು ತಮ್ಮ ಮುಂದೆ ಪ್ರಸ್ತಾಪಿಸಬೇಕೆಂದಿರುವ ವಿಷಯವು ಕಿವಿಗೆ ಇಂಪಾದುದಲ್ಲ. ಊಟದ ಹೊತ್ತು ಸಮೀಪಿಸುತ್ತಿರುವಾಗ ಹುಣ್ಣಿನ ಮಾತನ್ನು ತೆಗೆಯುವುದು ಸಭ್ಯತೆಯಲ್ಲವೆಂದು ಕೆಲವರಾದರೂ ಭಾವಿಸಬಹುದು. ಆದರೆ ಈ ಸಭ್ಯತೆಯ ದೆಸೆಯಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ತಮ್ಮ ಕಾಲಿನ ಹುಣ್ಣನ್ನು ಪಂಚೆಯ ಅಂಚಿನಲ್ಲಿ, ಸೀರೆಯ ನೆರಿಗೆಯಲ್ಲಿ ಮುಚ್ಚಿಟ್ಟುಕೊಂಡು ವರ್ಷಾನುಗಟ್ಟಲೆ ನರಳುತ್ತಿದ್ದಾರೆ. ಆದುದರಿಂದ ಒಂದು ಸಂಜೆಯ ಮಟ್ಟಿಗೆ ತಮ್ಮ ಸಹನೆಯನ್ನು ಬೇಡುತ್ತೇನೆ.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸತಕ್ಕವನು. ರಕ್ತದ ಸಂಚಾರವನ್ನು ಹಲಗೆಯ ಮೇಲೆ ಕೆಂಪು ನೀಲಿ ಸೀಮೆಸುಣ್ಣದಿಂದ ಬರೆದು ತೋರಿಸುವುದು ನನ್ನ ಕಸುಬು. ಆದರೂ ಈ ವಿಷಯವನ್ನು ಕುರಿತು ಮಾತನಾಡುವುದಕ್ಕೆ ನನಗೆ ಎರಡು ಕಾರಣಗಳುಂಟು. ಮೊದಲನೆಯದು ನಮ್ಮ ಮನೆಯಲ್ಲಿ ನಡೆದುದು. ಅದನ್ನು ಈಗಲೇ ಹೇಳುತ್ತೇನೆ. ಎರಡನೆಯದು ನನ್ನ ಕೈಯಿಂದಲೇ ನಡೆದುಹೋದ ಒಂದು ತಪ್ಪು. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ನನ್ನ ಸೋದರತ್ತೆಯವರ ಎಡಗಾಲಿನ ಒಳಗಿಣ್ಣಿನ ಮೇಲೆ ಒಂಬತ್ತು ವರ್ಷ ಒಂದು ಹುಣ್ಣಿದ್ದಿತು. ಅದರ ಮೂಲ ತೀರ ಕ್ಷುಲ್ಲಕವಾದುದು: ಹಿತ್ತಿಲ ಬಾಗಿಲ ಹೊಸ್ತಿಲು ತಗುಲಿ ತೊಗಲು ತರಚಿತು, ಅಷ್ಟೆ. ಆ ತರಚು ಮಾಯಲಿಲ್ಲ. ಬೇವಿನೆಲೆಯನ್ನು ಅರೆದು ಹಚ್ಚಿದುದಾಯಿತು, ಅರಿಸಿನವನ್ನು ಮೆತ್ತಿದುದಾಯಿತು. ಅಂಗಡಿಯಿಂದ ತಂದ ಮುಲಾಮುಗಳು, ಪುಡಿಗಳು, ಬಗೆಬಗೆಯ ಗುಳಿಗೆಗಳು ಎಲ್ಲವೂ ಆದುವು. ಹುಣ್ಣು ಒಂದು ತಿಂಗಳು ಕಿರಿದಾಗುವುದು, ಮರುತಿಂಗಳು ಹಿರಿದಾಗುವುದು. ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು ವಾಸನೆಗೆ ಮೂಗಿನ ಮೇಲೆ ಸೆರಗನ್ನು ಎಳೆದುಕೊಂಡುದನ್ನು ಅವರು ಕಂಡರಂತೆ. ಅಂದಿನಿಂದ ಅವರು ಯಾವ ಶುಭಕಾರ್ಯಕ್ಕೂ ಹೋಗಲಿಲ್ಲ. ಮನೆಯಲ್ಲಿಯೂ ಎಲ್ಲರ ಊಟವಾದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ನಾವು ಅದನ್ನು ವೃದ್ಧಾಪ್ಯದ ಜಿಗುಪ್ಸೆಯೆಂದು ತಿಳಿದೆವು.

ಕಡೆಗೆ ಒಬ್ಬ ತರುಣ ವೈದ್ಯೆಯ ಬಳಿಗೆ ಅವರನ್ನು ಕರೆದುಕೊಂಡು ಹೋದೆನು. ಆಕೆ ಮಾಡಿದ ಮೊದಲ ಕೆಲಸವೇ ನನ್ನನ್ನು ಬೆರಗುಗೊಳಿಸಿತು. ಹುಣ್ಣಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚುವುದಕ್ಕೆ ಮುಂಚೆ ಆಕೆ ಅತ್ತೆಯವರನ್ನು ಒಂದು ಮಣೆಯ ಮೇಲೆ ನಿಲ್ಲಿಸಿ, ಎರಡು ಕಾಲುಗಳನ್ನೂ ಮೊಣಕಾಲಿನ ಮೇಲಿನಿಂದ ಪಾದದವರೆಗೆ, ಮುಂದಿನಿಂದಲೂ ಹಿಂದಿನಿಂದಲೂ ನೋಡಿದರು. ಒಂಬತ್ತು ವರ್ಷ ನಾವೆಲ್ಲರೂ ಹುಣ್ಣನ್ನು ನೋಡಿದ್ದೆವು. ಕಾಲನ್ನು ನೋಡಿದವರು ಆಕೆಯೇ ಮೊದಲಿಗರು.

ನಾನು ಈ ದಿನ ಹೇಳಬೇಕಾದುದೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಕಾಲಿನ ಹುಣ್ಣೆಂಬುದು ಸ್ವತಃ ಒಂದು ರೋಗವಲ್ಲ. ಕಾಲಿನೊಳಗೆ ನಡೆಯುತ್ತಿರುವ ಬೇರೊಂದು ರೋಗದ ಗುರುತು. ಆರೋಗ್ಯವಾದ ಕಾಲಿನಲ್ಲಿ ಹೊಸ್ತಿಲು ತಗುಲಿದ ಗಾಯವು ಹತ್ತು ಹನ್ನೆರಡು ದಿವಸಗಳಲ್ಲಿ ತಾನಾಗಿಯೇ ಮಾಯುತ್ತದೆ. ಮೊಣಕಾಲಿನ ಕೆಳಗಾದ ಗಾಯವು ಎರಡು ವಾರ ಕಳೆದರೂ ಮಾಯುವ ಲಕ್ಷಣವನ್ನು ತೋರಿಸದಿದ್ದರೆ, ‘ಯಾವ ಔಷಧವನ್ನು ಹಚ್ಚಲಿ’ ಎಂದು ಕೇಳುವುದನ್ನು ಬಿಟ್ಟು, ‘ಇದು ಏಕೆ ಮಾಯಲಿಲ್ಲ’ ಎಂದು ಕೇಳತಕ್ಕದ್ದು.

ಇದಕ್ಕೆ ಉತ್ತರವನ್ನು ತಿಳಿಯಬೇಕಾದರೆ ರಕ್ತದ ಸಂಚಾರವನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಹೃದಯದಿಂದ ಹೊರಟ ಶುದ್ಧರಕ್ತವನ್ನು ಅಂಗಾಂಗಗಳಿಗೆ ಒಯ್ಯತಕ್ಕ ನಾಳಗಳು ಧಮನಿಗಳು. ಕೆಲಸ ಮುಗಿಸಿದ ರಕ್ತವನ್ನು ಹೃದಯಕ್ಕೆ ಮರಳಿ ತರತಕ್ಕ ನಾಳಗಳು ಸಿರೆಗಳು. ಧಮನಿಯ ರಕ್ತಕ್ಕೆ ಹೃದಯದ ನೂಕುವಿಕೆ ಉಂಟು. ಸಿರೆಯ ರಕ್ತವಾದರೋ ಪಾದದಿಂದ ಎದೆಯವರೆಗೆ, ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ ಮೇಲಕ್ಕೇರಬೇಕು. ಈ ಕಾರ್ಯ ನಡೆಯುವುದು ಹೇಗೆ?

ಇಟಲಿಯ ಪಡುವಾ ನಗರದ ಆಚಾರ್ಯ ಫ್ಯಾಬ್ರೀಷಿಯಸನು ೧೬೦೩ರಲ್ಲಿ ಸಿರೆಗಳೊಳಗಿನ ಪುಟ್ಟ ಕವಾಟಗಳನ್ನು ವರ್ಣಿಸಿದನು. ಆದರೆ ಅವುಗಳ ಪ್ರಯೋಜನವನ್ನು ಸರಿಯಾಗಿ ಅರಿಯಲಿಲ್ಲ. ಅವನ ಶಿಷ್ಯನಾದ ವಿಲಿಯಂ ಹಾರ್ವೆಯು ೧೬೨೮ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿ, ಈ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಟ್ಟು ಹಿಂದಕ್ಕೆ ಬರಗೊಡುವುದಿಲ್ಲವೆಂದು ತೋರಿಸಿಕೊಟ್ಟನು. ತಾವು ಕುಳಿತಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕೈಯನ್ನು ಕೆಳಗೆ ಇಳಿಬಿಡಿ. ಅಂಗೈಯ ಹಿಂಭಾಗದಲ್ಲಿ ಸಿರೆಗಳು ಉಬ್ಬುತ್ತವೆ. ಉಬ್ಬಿದ ಒಂದು ಸಿರೆಯನ್ನು ಬೆರಳಿನ ಕಡೆ ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮಣಿಕಟ್ಟಿನ ಕಡೆಗೆ ಸವರಿಬಿಡಿ. ಸಿರೆ ಬರಿದಾಗುತ್ತದೆ, ಸವರಿದ ಬೆರಳನ್ನು ತೆಗೆದರೂ ಮೇಲಿನ ಕವಾಟದಿಂದ ಕೆಳಕ್ಕೆ ಅದು ತುಂಬುವುದಿಲ್ಲ. ಒತ್ತಿದ ಬೆರಳನ್ನು ಬಿಟ್ಟೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ.

ಕಾಲಿನಲ್ಲಿ ಈ ಕವಾಟಗಳಿಗೆ ಸಹಾಯವಾಗಿರತಕ್ಕದ್ದು ಮೀನಖಂಡದ ಮಾಂಸಲಭಾಗ. ನಾವು ಹೆಜ್ಜೆಯಿಟ್ಟಾಗಲೆಲ್ಲ ಈ ಸ್ನಾಯುಗಳು ಬಿಗಿದು ಒಳಗಿನ ಸಿರೆಗಳನ್ನು ಹಿಂಡುತ್ತವೆ, ಹಿಂಡಿದ ರಕ್ತವು ಮೇಲಕ್ಕೇರುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ. ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಅತಿಶಯೋಕ್ತಿಯಲ್ಲ. ಅಲುಗಾಡದೆ ನಿಂತಿರುವಾಗ ಕಾಲಿನ ಹರಡಿನ ಬಳಿ ಸಿರೆಗಳ ಒತ್ತಡವು ಪಾದರಸದ ೮೦ರಿಂದ ೧೦೦ ಮಿಲಿಮೀಟರಿನಷ್ಟಿರುತ್ತದೆ. ನಡೆಯತೊಡಗಿದರೆ ಆರೋಗ್ಯವಂತನಲ್ಲಿ ಅದು ೩೦ರ ಆಸುಪಾಸಿಗೆ ಇಳಿಯುತ್ತದೆ.

ಕವಾಟಗಳು ಕೆಟ್ಟರೆ ನಡೆದರೂ ಒತ್ತಡ ಇಳಿಯುವುದಿಲ್ಲ. ಆಳದ ಸಿರೆಯಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿದ್ದರೆ, ಹಲವು ಬಸಿರುಗಳನ್ನು ಕಂಡ ಸ್ತ್ರೀಯರಲ್ಲಿ, ಸ್ಥೂಲಕಾಯರಲ್ಲಿ, ವಂಶದಲ್ಲಿ ಈ ದೋಷವಿರುವವರಲ್ಲಿ, ಹಗಲೆಲ್ಲ ನಿಂತೇ ದುಡಿಯುವವರಲ್ಲಿ ಹೀಗಾಗುವುದು ಹೆಚ್ಚು. ಹೋಟೆಲಿನ ಅಡಿಗೆಯವರು, ಬಸ್ಸಿನ ಕಂಡಕ್ಟರುಗಳು, ಚೌಕದಲ್ಲಿ ನಿಲ್ಲುವ ಪೊಲೀಸಿನವರು, ದಾದಿಯರು, ಅಷ್ಟೇಕೆ, ನನ್ನಂಥ ಉಪಾಧ್ಯಾಯರು ಕೂಡ ಈ ಪಟ್ಟಿಗೆ ಸೇರತಕ್ಕವರು. ಒತ್ತಡ ಹೆಚ್ಚಿದ ಸೂಕ್ಷ್ಮನಾಳಗಳಿಂದ ಮೊದಲು ನೀರು ಜಿನುಗಿ ಹರಡು ಬಾತುಕೊಳ್ಳುತ್ತದೆ; ಅನಂತರ ರಕ್ತಕಣಗಳೂ ಹೊರಬಿದ್ದು, ಅವುಗಳೊಳಗಿನ ಕಬ್ಬಿಣದ ಅಂಶದಿಂದ ಚರ್ಮವು ಕಂದುಬಣ್ಣಕ್ಕೆ ತಿರುಗುತ್ತದೆ. ತುರಿಕೆ, ಇಸುಬು ಕಾಣುತ್ತವೆ. ಕ್ರಮೇಣ ಚರ್ಮ ಗಡುಸಾಗಿ ಕೆಳಗಿನ ಮೂಳೆಗೆ ಅಂಟಿದಂತಾಗುತ್ತದೆ. ಇಂಥ ಚರ್ಮಕ್ಕೆ ಹೊಸ್ತಿಲಿನ ತರಚೇ ಸಾಕು.

ಇದು ಮೊದಲನೆಯ ಬಗೆ: ಸಿರೆಯ ಹುಣ್ಣು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ಮೊಣಕಾಲಿನ ಕೆಳಗಣ ಮಾಯದ ಹುಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವು. ಇದರ ನೆಲೆ ಸಾಮಾನ್ಯವಾಗಿ ಒಳಗಿಣ್ಣಿನ ಮೇಲ್ಭಾಗ. ಅಂಚು ಅಂಕುಡೊಂಕು, ಆಳ ಕಡಮೆ, ತಳ ಕೆಂಪು, ಒಸರು ಹೆಚ್ಚು. ಸಂಜೆಗೆ ಕಾಲು ಭಾರವಾಗಿ ಜಗ್ಗುತ್ತದೆ. ದಿಂಬಿನ ಮೇಲೆ ಎತ್ತಿಟ್ಟುಕೊಂಡರೆ ಹಾಯೆನಿಸುತ್ತದೆ. ಸುತ್ತಲೂ ಕಂದುಬಣ್ಣ, ಮೀನಖಂಡದಲ್ಲಿ ಹಾವು ಸುತ್ತಿಕೊಂಡಂತೆ ಉಬ್ಬಿದ ಸಿರೆಗಳಿರಬಹುದು, ಇಲ್ಲದೆಯೂ ಇರಬಹುದು.

ಎರಡನೆಯದು ಧಮನಿಯ ಹುಣ್ಣು. ಇಲ್ಲಿ ರಕ್ತವು ಮರಳಿ ಹೋಗುವುದಕ್ಕೆ ತೊಡಕಲ್ಲ, ಬರುವುದಕ್ಕೇ ತೊಡಕು. ವಯಸ್ಸು, ಹೊಗೆಬತ್ತಿ, ಮಧುಮೇಹ, ರಕ್ತದ ಒತ್ತಡ, ರಕ್ತದಲ್ಲಿನ ಕೊಬ್ಬು, ಇವುಗಳಿಂದ ಧಮನಿಯ ಒಳಗೋಡೆಯಲ್ಲಿ ಪಾಚಿ ಕಟ್ಟಿದಂತಾಗಿ ದಾರಿ ಕಿರಿದಾಗುತ್ತದೆ. ರೋಗಿಯು ಒಂದಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡಂತಾಗಿ ನಿಲ್ಲುತ್ತಾನೆ. ನಿಂತರೆ ನೋವು ಇಳಿಯುತ್ತದೆ. ಮತ್ತೆ ಅಷ್ಟೇ ದೂರಕ್ಕೆ ಮತ್ತೆ ನೋವು. ಇದನ್ನು ನಾವು ‘ವಾಯು’ವೆಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಅನಂತರ ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಹರಡಿನ ಹೊರಬದಿಯಲ್ಲೋ ಹುಣ್ಣು ಏಳುತ್ತದೆ. ಅಂಚು ಉಳಿಯಿಂದ ಕೊರೆದಂತೆ ನೆಟ್ಟಗಿರುತ್ತದೆ; ತಳ ಬಿಳಿಚಿದ್ದು ಒಣಗಿರುತ್ತದೆ; ಕಾಲು ತಣ್ಣಗೆ, ಚರ್ಮ ನುಣುಪಾಗಿ, ಕೂದಲಿಲ್ಲದೆ ಇರುತ್ತದೆ. ನೋವು ರಾತ್ರಿ ಹೆಚ್ಚು; ರೋಗಿಯು ಕಾಲನ್ನು ಮಂಚದಿಂದ ಇಳಿಬಿಟ್ಟುಕೊಂಡು ಕುಳಿತೇ ಬೆಳಗು ಮಾಡುತ್ತಾನೆ. ಗಮನಿಸಿ: ಸಿರೆಯ ರೋಗಿಗೆ ಕಾಲೆತ್ತಿದರೆ ಸುಖ, ಧಮನಿಯ ರೋಗಿಗೆ ಇಳಿಬಿಟ್ಟರೆ ಸುಖ. ಈ ಒಂದು ಭೇದವನ್ನು ತಾವು ನೆನಪಿನಲ್ಲಿಟ್ಟರೆ ನನ್ನ ಭಾಷಣದ ಅರ್ಧ ಪ್ರಯೋಜನವಾದಂತೆಯೇ.

ವಯಸ್ಸಾಗದವರಿಗೂ ಈ ಅಪಾಯ ಇಲ್ಲದಿಲ್ಲ. ೧೯೦೮ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯನು, ಹೊಗೆಸೊಪ್ಪಿನ ಸೇವನೆಯಿರುವ ತರುಣರ ಕೈಕಾಲುಗಳ ಸಣ್ಣ ನಾಳಗಳು ಉರಿದು ಮುಚ್ಚಿಕೊಳ್ಳುವ ಒಂದು ರೋಗವನ್ನು ವಿವರಿಸಿದನು. ನಮ್ಮ ದೇಶದಲ್ಲಿ ಬೀಡಿ ಸೇದುವ ಯುವಕರಲ್ಲಿ ಇದು ಕಾಣಬರುತ್ತದೆ. ಇದಕ್ಕೆ ಮುಖ್ಯ ಔಷಧ ಒಂದೇ: ಹೊಗೆಸೊಪ್ಪನ್ನು ಪೂರ್ಣವಾಗಿ ಬಿಡುವುದು. ಕಡಮೆ ಮಾಡಿದರೆ ಸಾಲದು.

ಮೂರನೆಯ ಬಗೆ ಎಲ್ಲಕ್ಕಿಂತ ಮೋಸದ್ದು, ಏಕೆಂದರೆ ಅದಕ್ಕೆ ನೋವಿಲ್ಲ. ಮಧುಮೇಹದಿಂದಲೋ ಕುಷ್ಠದಿಂದಲೋ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಂಡಾಗ, ಚಪ್ಪಲಿಯೊಳಗಿನ ಕಲ್ಲಾಗಲಿ, ಮೊಳೆಯಾಗಲಿ, ಕಾದ ನೀರಾಗಲಿ ತಿಳಿಯುವುದಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ಅಂಗಾಲು ಜಡ್ಡುಗಟ್ಟಿ, ಜಡ್ಡಿನ ನಡುವೆ ಗುಂಡಗೆ ಆಳವಾದ ಕುಳಿ ಬೀಳುತ್ತದೆ. ಬೇಸಗೆಯ ಮಧ್ಯಾಹ್ನ ದೇವಾಲಯದ ಪ್ರಾಕಾರದಲ್ಲಿ ಬರಿಗಾಲಿನಿಂದ ಪ್ರದಕ್ಷಿಣೆ ಮಾಡಿ, ಮನೆಗೆ ಬಂದ ಮೇಲೆ ಅಂಗಾಲಿನ ಬೊಬ್ಬೆಗಳನ್ನು ಕಂಡು ಚಕಿತರಾದ ಮಧುಮೇಹಿಗಳನ್ನು ನಾನು ಬಲ್ಲೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು ೧೦ ಕೋಟಿಯೆಂದು ಅಂದಾಜು ಮಾಡಿತು. ಈ ಮೂರನೆಯ ಬಗೆಯು ದೂರದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಈ ಬಗೆಯ ಹುಣ್ಣಿನ ವಿಚಾರದಲ್ಲಿ ಲೋಕಕ್ಕೆ ಪಾಠ ಕಲಿಸಿದುದು ನಮ್ಮ ನೆರೆಯ ವೆಲ್ಲೂರು. ೧೯೪೬ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದ ‘ಕೊಳೆತು ಉದುರುತ್ತವೆ’ ಎಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಿದರು. ಮಾಂಸವನ್ನು ಹಾಳುಮಾಡುತ್ತಿದ್ದುದು ನೋವಿಲ್ಲದ ಅಂಗಕ್ಕೆ ದಿನದಿನವೂ ಬೀಳುತ್ತಿದ್ದ ಪೆಟ್ಟು ಮತ್ತು ಒತ್ತಡ. ಒತ್ತಡವನ್ನು ತಪ್ಪಿಸಿದರೆ ಅದೇ ಮಾಂಸವು ಎಲ್ಲರ ಮಾಂಸದಂತೆಯೇ ಮಾಯುತ್ತಿದ್ದಿತು. ಪಾದದ ಆಕಾರಕ್ಕೆ ಸರಿಯಾಗಿ ಪ್ಲ್ಯಾಸ್ಟರನ್ನು ಹಾಕಿ ಭಾರವನ್ನು ಹಂಚುವ ಕ್ರಮ, ಮೃದುವಾದ ರಬ್ಬರಿನ ಅಟ್ಟೆಯ ಪಾದರಕ್ಷೆ, ಇವು ಅಂದಿನಿಂದ ಈ ಚಿಕಿತ್ಸೆಯ ಆಧಾರವಾಗಿವೆ. ಕುಷ್ಠಕ್ಕಾಗಿ ಬೆಳೆದ ಈ ವಿದ್ಯೆಯೇ ಮಧುಮೇಹಿಯ ಪಾದಕ್ಕೂ ಉಪಯೋಗವಾಗುತ್ತಿದೆ.

ಈ ಮೂರು ಬಗೆಗಳಲ್ಲದೆ ವಿರಳವಾದ ಬೇರೆ ಕೆಲವೂ ಉಂಟು. ಮಣ್ಣಿನಿಂದ ಸೇರಿದ ಶಿಲೀಂಧ್ರದ ದೆಸೆಯಿಂದ ಪಾದ ಬಾತು ತೂತುಗಳಿಂದ ಕಾಳುಗಳಂಥ ಕಣಗಳು ಹೊರಬೀಳುವ ರೋಗವನ್ನು ೧೮೪೨ರಲ್ಲಿ ಮಧುರೆಯಲ್ಲಿ ವರ್ಣಿಸಿದುದರಿಂದ ಅದಕ್ಕೆ ‘ಮಧುರಾ ಪಾದ’ವೆಂದೇ ಹೆಸರು. ಕುಡುಗೋಲು ರಕ್ತಕಣದ ರೋಗದಲ್ಲಿಯೂ ಹರಡಿನ ಬಳಿ ಹುಣ್ಣಾಗಬಹುದು. ಬಹುಕಾಲ ಮಾಯದ ಹುಣ್ಣು ಕ್ಯಾನ್ಸರಿಗೆ ತಿರುಗುವುದೂ ಉಂಟು. ಅಂಚು ಹೂಕೋಸಿನಂತೆ ಎದ್ದು ಸುಲಭವಾಗಿ ರಕ್ತ ಸುರಿಯತೊಡಗಿದರೆ, ಇಲ್ಲವೆ ಸರಿಯಾದ ಚಿಕಿತ್ಸೆ ನಡೆದರೂ ಮೂರು ತಿಂಗಳಲ್ಲಿ ಯಾವ ಗುಣವೂ ಕಾಣದಿದ್ದರೆ, ಅಂಚಿನ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಲೇಬೇಕು. ಒಂದೇ ಕಾಲಿನಲ್ಲಿ ಎರಡು ದೋಷಗಳು ಕೂಡಿರುವುದು ಇವೆಲ್ಲಕ್ಕಿಂತ ಸಾಮಾನ್ಯ. ಸಿರೆಯೂ ಕೆಟ್ಟು ಧಮನಿಯೂ ಕಿರಿದಾಗಿದ್ದರೆ ಗುರುತುಗಳು ಒಂದನ್ನೊಂದು ಮರೆಸುತ್ತವೆ. ಆದುದರಿಂದ ಕಣ್ಣಿನ ತೀರ್ಪೊಂದೇ ಸಾಲದು, ಅಳತೆ ಬೇಕು.

ಇನ್ನು ಪರೀಕ್ಷೆಯ ಕ್ರಮವನ್ನು ನೋಡೋಣ. ತಿಳಿದ ವೈದ್ಯರು ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ: ಹುಣ್ಣು ಎಷ್ಟು ಕಾಲದಿಂದ ಇದೆ, ಹಿಂದೆಯೂ ಆಗಿದ್ದಿತೆ, ನೋವು ಯಾವಾಗ ಹೆಚ್ಚು, ಕಾಲು ಹಿಂದೆಂದಾದರೂ ಥಟ್ಟನೆ ಬಾತಿದ್ದಿತೆ, ಹೊಗೆಬತ್ತಿಯ ಅಭ್ಯಾಸವುಂಟೆ, ಸಕ್ಕರೆಯ ರೋಗವುಂಟೆ. ಅನಂತರ ಎರಡು ಕಾಲುಗಳನ್ನೂ ನೋಡುತ್ತಾರೆ, ಮುಟ್ಟುತ್ತಾರೆ. ಪಾದದ ಮೇಲೂ ಒಳಗಿಣ್ಣಿನ ಹಿಂದೆಯೂ ನಾಡಿ ಸಿಕ್ಕುವುದೋ ಎಂದು ಪರೀಕ್ಷಿಸುತ್ತಾರೆ. ಸಣ್ಣ ನೈಲಾನಿನ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನವನ್ನು ನೋಡುತ್ತಾರೆ. ಹುಣ್ಣಿನ ಉದ್ದಗಲಗಳನ್ನು ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಮುಂದೆ ಗುಣವಾಗುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳತಕ್ಕದ್ದು ಈ ಅಳತೆಯೇ ಹೊರತು ನಮ್ಮ ಆಸೆಯಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಅಳತೆ ಒಂದುಂಟು. ಮಲಗಿಸಿ, ತೋಳಿನ ರಕ್ತದೊತ್ತಡವನ್ನೂ ಹರಡಿನ ರಕ್ತದೊತ್ತಡವನ್ನೂ ಅಳೆದು, ಹರಡಿನದನ್ನು ತೋಳಿನದರಿಂದ ಭಾಗಿಸುವುದು. ಹರಡಿನ ಕ್ಷೀಣವಾದ ನಾಡಿಯನ್ನು ಕೇಳುವುದಕ್ಕೆ ಡಾಪ್ಲರ್ ಎಂಬ ಅಂಗೈಯಗಲದ ಯಂತ್ರವಿದೆ. ೧೮೪೨ರಲ್ಲಿ ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರನು ಕಂಡುಹಿಡಿದ ತತ್ತ್ವದಿಂದ ಅದು ನಡೆಯುತ್ತದೆ. ತೋಳಿನಲ್ಲಿ ೧೪೦, ಹರಡಿನಲ್ಲಿ ೧೪೦ ಇದ್ದರೆ ಭಾಗಲಬ್ಧ ೧. ಧಮನಿ ಸರಿಯಾಗಿದೆಯೆಂದು ಅರ್ಥ. ಹರಡಿನಲ್ಲಿ ೧೧೨ ಇದ್ದರೆ ೦.೮, ಇದಕ್ಕಿಂತ ಕಡಮೆಯಾದರೆ ಎಚ್ಚರಿಕೆ. ಹರಡಿನಲ್ಲಿ ೭೦ ಅಥವಾ ಅದಕ್ಕಿಂತ ಕಡಮೆ ಇದ್ದರೆ ೦.೫, ಕಾಲು ಅಪಾಯದಲ್ಲಿದೆ. ಮಧುಮೇಹಿಗಳಲ್ಲಿ ಧಮನಿಗಳು ಸುಣ್ಣಗಟ್ಟಿ ಪಟ್ಟಿಯ ಒತ್ತಿಗೆ ಮಣಿಯದಿರುವುದರಿಂದ ಈ ಅಂಕವು ೧.೩ನ್ನು ಮೀರಿ ಸುಳ್ಳು ಧೈರ್ಯವನ್ನು ಕೊಡುವುದುಂಟು. ಅಂಥವರಲ್ಲಿ ಬೆರಳಿನ ಒತ್ತಡವನ್ನು ಅಳೆಯಬೇಕು.

ಈ ಅಳತೆಗೆ ಇಷ್ಟು ಪ್ರಾಮುಖ್ಯವನ್ನು ಏಕೆ ಕೊಟ್ಟೆನೆಂಬುದಕ್ಕೆ ನನ್ನ ಎರಡನೆಯ ಕಾರಣವನ್ನು ಹೇಳಬೇಕಾಗಿದೆ.

ಸಿರೆಯ ಹುಣ್ಣಿಗೆ ಮದ್ದು ಮುಲಾಮಲ್ಲ, ಕಟ್ಟು. ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಹಿಮ್ಮಡಿಯನ್ನು ಬಿಡದೆ, ಬಿಗಿಯಾದ ಪಟ್ಟಿಯನ್ನು ಪದರಪದರವಾಗಿ ಸುತ್ತಿ, ಹರಡಿನ ಬಳಿ ಸುಮಾರು ೪೦ ಮಿಲಿಮೀಟರ್ ಒತ್ತಡ ಬರುವಂತೆಯೂ ಮೇಲೆ ಹೋದಂತೆ ಕಡಮೆಯಾಗುವಂತೆಯೂ ಕಟ್ಟುತ್ತಾರೆ. ಕೆಟ್ಟ ಕವಾಟದ ಕೆಲಸವನ್ನು ಈ ಕಟ್ಟು ಹೊರಗಿನಿಂದ ಮಾಡುತ್ತದೆ. ಈ ಉಪಾಯ ಹೊಸದಲ್ಲ. ಸುಶ್ರುತಸಂಹಿತೆಯು ವ್ರಣಗಳಿಗೆ ೬೦ ಬಗೆಯ ಉಪಚಾರಗಳನ್ನು ಎಣಿಸಿ, ಕಟ್ಟುಗಳಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನ ಶಸ್ತ್ರವೈದ್ಯ ರಿಚರ್ಡ್ ವೈಸ್‌ಮನ್ ಕಾಲುಹುಣ್ಣಿಗೆ ದಾರದಿಂದ ಬಿಗಿಯುವ ಕಾಲುಚೀಲವನ್ನು ತೊಡಿಸುತ್ತಿದ್ದನು. ನಮ್ಮ ಅತ್ತೆಯವರಿಗೆ ಆ ವೈದ್ಯೆ ಅಳತೆ ಮಾಡಿ ಕಟ್ಟಿದುದು ಇಂಥ ಕಟ್ಟನ್ನೇ. ವಾರಕ್ಕೊಮ್ಮೆ ಬಿಚ್ಚಿ ತೊಳೆದು ಮತ್ತೆ ಕಟ್ಟಿದರು. ಒಂಬತ್ತು ವರ್ಷದ ಹುಣ್ಣು ಐದು ತಿಂಗಳಿನಲ್ಲಿ ಮಾಯಿತು.

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಸಂತೋಷದೊಡನೆ ಅಹಂಕಾರವೂ ಬಂದಿತು. ನಮ್ಮ ಬೀದಿಯಲ್ಲಿ ನಿವೃತ್ತರಾದ ಒಬ್ಬ ಗೃಹಸ್ಥರಿದ್ದರು. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಸೇದುತ್ತಿದ್ದವರು. ಹರಡಿನ ಹೊರಬದಿಯಲ್ಲಿ ಅವರಿಗೊಂದು ಹುಣ್ಣಿದ್ದಿತು. ರಾತ್ರಿ ನಿದ್ರೆಯಿಲ್ಲದೆ ಕಾಲನ್ನು ಇಳಿಬಿಟ್ಟುಕೊಂಡು ಕುಳಿತಿರುತ್ತಿದ್ದರೆಂಬುದನ್ನು ಅವರ ಮನೆಯವರೇ ನನಗೆ ಹೇಳಿದ್ದರು. ಈಗ ತಮಗೆ ಆ ಮಾತಿನ ಅರ್ಥವಾಗುತ್ತದೆ; ರಕ್ತಸಂಚಾರವನ್ನು ಬೋಧಿಸುವ ನನಗೆ ಅಂದು ಆಗಲಿಲ್ಲ. ಅತ್ತೆಯವರ ಮಿಕ್ಕ ಪಟ್ಟಿಯನ್ನು ಕೊಟ್ಟು, ಕಟ್ಟುವ ಕ್ರಮವನ್ನೂ ನಾನೇ ತೋರಿಸಿದೆ. ಆ ರಾತ್ರಿ ನೋವು ಹೆಚ್ಚಿದರೂ ಅವರು ನನ್ನ ಮಾತಿನ ಮೇಲಿನ ಗೌರವದಿಂದ ಬಿಚ್ಚಲಿಲ್ಲ. ಬೆಳಗ್ಗೆ ನೋಡಿದಾಗ ಎರಡು ಬೆರಳುಗಳು ನೀಲಿಗಟ್ಟಿದ್ದುವು. ಆಸ್ಪತ್ರೆಯಲ್ಲಿ ಧಮನಿಯೊಳಗೆ ಸಣ್ಣ ಬುಗ್ಗೆಯನ್ನು ತೂರಿಸಿ ದಾರಿಯನ್ನು ಬಿಡಿಸಿದರು, ಪಾದ ಉಳಿಯಿತು, ಆ ಎರಡು ಬೆರಳುಗಳು ಉಳಿಯಲಿಲ್ಲ. ಅವರ ಅಂಕವು ೦.೪ ಇದ್ದಿತೆಂದು ಅಲ್ಲಿ ತಿಳಿಯಿತು. ಮೊದಲೇ ಬರುವ ರಕ್ತ ಕಡಮೆಯಾಗಿದ್ದ ಕಾಲನ್ನು ನಾನು ಹೊರಗಿನಿಂದಲೂ ಬಿಗಿಸಿದ್ದೆನು.

ಒಬ್ಬರ ಹುಣ್ಣನ್ನು ಮಾಯಿಸಿದ ಕಟ್ಟೇ ಇನ್ನೊಬ್ಬರ ಬೆರಳನ್ನು ತೆಗೆಯಿತು. ಆದುದರಿಂದ ಧಮನಿಯನ್ನು ಅಳೆಯದೆ ಯಾರ ಕಾಲಿಗೂ ಬಿಗಿಕಟ್ಟನ್ನು ಕಟ್ಟಕೂಡದು. ಕಟ್ಟಿದ ಮೇಲೆ ನೋವು ಹೆಚ್ಚಿದರೆ, ಬೆರಳು ಮರಗಟ್ಟಿದರೆ, ಬಣ್ಣ ಬದಲಾದರೆ, ಯಾರ ಅಪ್ಪಣೆಗೂ ಕಾಯದೆ ಬಿಚ್ಚತಕ್ಕದ್ದು.

ಇನ್ನು ಚಿಕಿತ್ಸೆಯ ಉಳಿದ ಅಂಶಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಸಿರೆಯ ಹುಣ್ಣಿಗೆ ಕಟ್ಟಿನ ಜೊತೆಗೆ ನಡಿಗೆ ಬೇಕು. ಕುಳಿತಾಗ ಹರಡನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಮಲಗಿದಾಗ ಕಾಲು ಎದೆಗಿಂತ ಮೇಲಿರಬೇಕು. ಕೆಟ್ಟ ಸಿರೆಯನ್ನೇ ಸರಿಪಡಿಸುವ ಉಪಾಯಗಳೂ ಇವೆ. ೨೦೦೪ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ, ಕಟ್ಟು ಮಾತ್ರ ಪಡೆದವರಲ್ಲಿ ೧೦೦ಕ್ಕೆ ೨೮ ಮಂದಿಗೆ ಒಂದು ವರ್ಷದೊಳಗೆ ಹುಣ್ಣು ಮರುಕಳಿಸಿತು. ಕಟ್ಟಿನೊಡನೆ ಸಿರೆಯ ಶಸ್ತ್ರಚಿಕಿತ್ಸೆಯನ್ನೂ ಪಡೆದವರಲ್ಲಿ ೧೨ ಮಂದಿಗೆ ಮಾತ್ರ. ಈಗ ಕತ್ತಿಯ ಬದಲು ಸಿರೆಯೊಳಗೆ ಸಣ್ಣ ತಂತಿಯನ್ನು ತೂರಿಸಿ ಶಾಖದಿಂದ ಅದನ್ನು ಮುಚ್ಚುತ್ತಾರೆ. ಇಂಥ ಚಿಕಿತ್ಸೆಯನ್ನು ಬೇಗನೆ ಮಾಡಿದರೆ ಹುಣ್ಣು ಮಾಯುವ ಮಧ್ಯಮಕಾಲವು ೮೨ ದಿನಗಳಿಂದ ೫೬ಕ್ಕೆ ಇಳಿಯಿತೆಂದು ೨೦೧೮ರ ಇನ್ನೊಂದು ಪ್ರಯೋಗ ತೋರಿಸಿತು. ಮಾಯಿದ ಮೇಲೂ ಒತ್ತುಚೀಲವನ್ನು ಬೆಳಗ್ಗೆ ಹಾಸಿಗೆಯಿಂದ ಏಳುವ ಮುನ್ನ ತೊಡುವುದನ್ನು ಬಿಡಬಾರದು. ಹುಣ್ಣು ಹೋದರೂ ದೋಷ ಹೋಗಿರುವುದಿಲ್ಲ.

ಧಮನಿಯ ಹುಣ್ಣಿಗೆ ರಕ್ತದ ದಾರಿಯನ್ನು ಬಿಡಿಸುವುದೇ ಚಿಕಿತ್ಸೆ. ಬುಗ್ಗೆಯಿಂದಾಗಲಿ, ಬೇರೆ ನಾಳವನ್ನು ಜೋಡಿಸಿಯಾಗಲಿ ಅದನ್ನು ಮಾಡುತ್ತಾರೆ. ಇಲ್ಲಿ ತಡಮಾಡಿದರೆ ಹೋಗುವುದು ಕಾಲೇ. ನರದ ಹುಣ್ಣಿಗೆ ಜಡ್ಡನ್ನು ಕೆತ್ತಿ ತೆಗೆಸಿ, ಭಾರವನ್ನು ತಪ್ಪಿಸಬೇಕು, ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ಮಧುಮೇಹಿಗಳು ಪ್ರತಿದಿನವೂ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳುವುದನ್ನು ಸಂಧ್ಯಾವಂದನೆಯಷ್ಟು ತಪ್ಪದೆ ನಡೆಸತಕ್ಕದ್ದು. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತುಕೊಳ್ಳುವುದು ಬೇಡ.

ಹುಣ್ಣಿನ ಆರೈಕೆಯಲ್ಲಿ ಕೆಲವು ಹಳೆಯ ನಂಬಿಕೆಗಳನ್ನು ಬಿಡಬೇಕಾಗಿದೆ. ಗಾಯಕ್ಕೆ ಗಾಳಿ ಆಡಬೇಕು, ಅದು ಒಣಗಿ ಹಕ್ಕಳೆ ಕಟ್ಟಬೇಕೆಂದು ನಾವು ತಿಳಿದಿದ್ದೆವು. ೧೯೬೨ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು ಹಂದಿಗಳ ಮೇಲೆ ಪ್ರಯೋಗ ಮಾಡಿ, ತೆಳುವಾದ ಹಾಳೆಯಿಂದ ಮುಚ್ಚಿ ಹಸಿಯಾಗಿಟ್ಟ ಗಾಯದ ಮೇಲೆ ಚರ್ಮವು ಸುಮಾರು ಇಮ್ಮಡಿ ವೇಗದಿಂದ ಹರಡುವುದೆಂದು ತೋರಿಸಿದನು. ಆದುದರಿಂದ ಶುದ್ಧವಾದ ನೀರಿನಿಂದ ತೊಳೆದು, ಗಾಯಕ್ಕೆ ಅಂಟದಂಥ ಸಾಧಾರಣವಾದ ಮುಚ್ಚಿಗೆಯನ್ನು ಹಾಕುವುದೇ ಲೇಸು. ಆದರೆ ರಕ್ತವಿಲ್ಲದೆ ಕರಿಕಟ್ಟಿದ ಬೆರಳನ್ನು ಮಾತ್ರ, ದಾರಿ ಬಿಡಿಸುವವರೆಗೆ, ಒಣಗಿದಂತೆಯೇ ಇಡಬೇಕು. ನಂಜುನಿವಾರಕ ಗುಳಿಗೆಗಳ ವಿಚಾರವೂ ಹೀಗೆಯೇ. ಎಲ್ಲ ಹುಣ್ಣಿನಲ್ಲಿಯೂ ಸೂಕ್ಷ್ಮಜೀವಿಗಳಿರುತ್ತವೆ. ಇದ್ದ ಮಾತ್ರಕ್ಕೆ ಗುಳಿಗೆ ಬೇಡ. ಸುತ್ತಲಿನ ಕೆಂಪು ದಿನದಿನಕ್ಕೆ ಹರಡಿದರೆ, ಬಿಸಿ, ಕೀವು, ಜ್ವರ ಕಂಡರೆ ಆಗ ಬೇಕು, ತಡವಿಲ್ಲದೆ ಬೇಕು. ಸಗಣಿ, ಬೂದಿ, ಮಣ್ಣುಗಳನ್ನು ಹಚ್ಚುವುದು ಧನುರ್ವಾಯುವನ್ನು ಕರೆದಂತೆ. ಬೇವು, ಅರಿಸಿನ, ಜೇನುಗಳನ್ನು ನಾನು ನಿಂದಿಸುವುದಿಲ್ಲ. ಆದರೆ ಕವಾಟ ಕೆಟ್ಟ ಕಾಲಿಗೆ ಮೇಲೆ ಏನನ್ನು ಹಚ್ಚಿದರೂ, ಸೋರುವ ಮಾಳಿಗೆಯ ಕೆಳಗೆ ನೆಲವನ್ನು ಒರಸಿದಂತೆಯೇ ಸರಿ.

ಕಾಲು ಥಟ್ಟನೆ ತಣ್ಣಗಾಗಿ ಬಿಳಿಚಿಕೊಂಡರೆ, ಬೆರಳು ಕಪ್ಪಾದರೆ, ಒಂದೇ ಕಾಲು ಹಠಾತ್ತನೆ ಬಾತುಕೊಂಡರೆ, ಮಧುಮೇಹಿಯ ಪಾದದಲ್ಲಿ ಜ್ವರದೊಡನೆ ಕೀವು ಕಂಡರೆ, ಅದು ನಾಳೆಗೆ ಬಿಡತಕ್ಕ ವಿಷಯವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಹನೀಯರೇ, ನಮ್ಮ ಅತ್ತೆಯವರು ಕಳೆದ ವೈಶಾಖದಲ್ಲಿ ಮೊಮ್ಮಗಳ ಮದುವೆಗೆ ಬಂದು ಪಂಕ್ತಿಯಲ್ಲಿ ಎಲ್ಲರ ನಡುವೆ ಕುಳಿತು ಊಟಮಾಡಿದರು. ನಮ್ಮ ಬೀದಿಯ ಆ ಹಿರಿಯರು ಹೊಗೆಬತ್ತಿಯನ್ನು ಬಿಟ್ಟು ಈಗ ಸಂಜೆ ಉದ್ಯಾನದವರೆಗೆ ನಡೆದುಬರುತ್ತಾರೆ. ಈ ಭಾಷಣದಲ್ಲಿ ಅವರ ವೃತ್ತಾಂತವನ್ನು ಹೇಳಬಹುದೇ ಎಂದು ಸಂಕೋಚದಿಂದ ಕೇಳಿದೆನು. “ಹೆಸರು ಬೇಡ, ಕಾಲಿನ ವಿಷಯವನ್ನು ಮಾತ್ರ ಧಾರಾಳವಾಗಿ ಹೇಳಿ” ಎಂದರು. ಅವರ ಮಾತಿನಂತೆ ಹೇಳಿದ್ದೇನೆ. ತಮ್ಮ ಮನೆಯಲ್ಲಿ ಕಾಲನ್ನು ಮುಚ್ಚಿಟ್ಟುಕೊಂಡು ಮೂಲೆಯಲ್ಲಿ ಕುಳಿತಿರುವ ಹಿರಿಯರಿದ್ದರೆ, ನಾಳೆ ಬೆಳಗ್ಗೆ ಬೆಳಕಿನಲ್ಲಿ ಅವರ ಎರಡು ಕಾಲುಗಳನ್ನೂ ಒಮ್ಮೆ ನೋಡಿ. ಅನಂತರ ಅಳೆಯಬಲ್ಲವರ ಬಳಿಗೆ ಅವರನ್ನು ಕರೆದೊಯ್ಯಿರಿ.